ಹಗ್ಗದ ಕೊನೆಯಲ್ಲಿ ನಿಂತವರು

ಆಟಿ ತಿಂಗಳ ಮಳೆ ಹೊರಗೆ ಸುರಿಯುತ್ತಿರುವಾಗ, ಒಳಗೆ ಬಿಸಿ ಗೋಳಿಬಜೆಯ ತಟ್ಟೆಯ ಸುತ್ತ ಕುಳಿತು ಒಲಿಂಪಿಕ್ಸ್ ನೋಡುವುದಕ್ಕಿಂತ ಸುಲಭವಾದ ಕ್ರೀಡೆ ಬೇರೊಂದಿಲ್ಲ. ಬೇರೆಯವರು ಓಡುತ್ತಾರೆ, ಬೇರೆಯವರು ಹಾರುತ್ತಾರೆ, ಬೇರೆಯವರ ಸ್ನಾಯು ಸೆಳೆದುಕೊಳ್ಳುತ್ತದೆ. ನಾವು ಚಟ್ನಿ ಮುಗಿಯಿತೆಂದು ದೂರುತ್ತೇವೆ. ಉರ್ವದ ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ರಿಮೋಟು ಭಾವನ ಕೈಯಲ್ಲಿರುತ್ತಿತ್ತು. ಭಾವ ಅಂದರೆ ನನ್ನ ಗಂಡನ ಅಣ್ಣ. ಕೆಳಗಿನ ಮಹಡಿ ಅವರದು, ಮೇಲಿನದು ನಮ್ಮದು, ಟಿವಿ ಮತ್ತು ಬಜೆ ಎಲ್ಲರದು.

ಭಾವ ತಮ್ಮ ಯೌವನವನ್ನೆಲ್ಲ ಮಸ್ಕತ್ತಿನಲ್ಲಿ ಕಳೆದು, ಆ ಬೇಸಿಗೆಯಲ್ಲಷ್ಟೇ ಕೆಲಸ ಮುಗಿಸಿ ಊರಿಗೆ ಮರಳಿದ್ದರು. ಅವರಿಲ್ಲದ ಅಷ್ಟು ವರ್ಷ ಮನೆಯನ್ನು ನಡೆಸಿದವರು ಅವರ ಹೆಂಡತಿ ಸುಗಂಧಿ ಅಕ್ಕ. ಬಾವಿಯ ಪಂಪು ಕೆಟ್ಟರೆ, ಮಾಡಿನ ಹೆಂಚು ಜಾರಿದರೆ, ಮಗಳ ಮದುವೆಗೆ ಹಾಲ್ ಗೊತ್ತುಮಾಡಬೇಕಾದರೆ ಎಲ್ಲದಕ್ಕೂ ಅಕ್ಕನೇ. ಭಾವ ಬಂದವರೇ ಬಹಳ ಪ್ರೀತಿಯಿಂದ, “ಇಷ್ಟು ವರ್ಷ ಮಾಡಿದ್ದು ಸಾಕು. ಇನ್ನು ನೀನು ಆರಾಮ ಮಾಡು” ಎಂದು ಒಂದೊಂದೇ ಕೆಲಸವನ್ನು ತಮ್ಮ ಕೈಗೆ ತೆಗೆದುಕೊಂಡರು. ಮಾರ್ಕೆಟಿನ ಚೀಲ ಹೋಯಿತು, ಗ್ಯಾಸ್ ಬುಕ್ಕಿಂಗ್ ಹೋಯಿತು, ತೆಂಗಿನಕಾಯಿ ಕೀಳುವವರೊಡನೆ ಜಗಳಾಡುವ ಸುಖವೂ ಹೋಯಿತು. ಆರಾಮವೆಂಬುದನ್ನು ಏನು ಮಾಡಬೇಕೆಂದು ತಿಳಿಯದೆ ಅಕ್ಕ ಒರೆಸಿದ ಕಪಾಟನ್ನೇ ಮತ್ತೆ ಒರೆಸುತ್ತಿದ್ದರು. ಪ್ರೀತಿಯಿಂದ ಕಸಿದುಕೊಂಡದ್ದನ್ನು ಮರಳಿ ಕೇಳುವುದು ಹೇಗೆ, ನೀವೇ ಹೇಳಿ.

ಒಂದು ಸಂಜೆ ನಾವು ಒಲಿಂಪಿಕ್ಸಿಗೆ ಹೊಸ ಆಟಗಳನ್ನು ಸೇರಿಸುವ ಗಹನ ಕಾರ್ಯಕ್ಕೆ ತೊಡಗಿದೆವು. ಭಾವ ಕಬಡ್ಡಿ ಅಂದರು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ನಾನು ಲಗೋರಿಯ ಪರ ವಾದಿಸಿದೆ. ಒಡೆದದ್ದನ್ನು ಮತ್ತೆ ಜೋಡಿಸಿದವರು ಗೆಲ್ಲುವ ಆಟ ಜಗತ್ತಿಗೆ ಈಗ ಬಹಳ ಅಗತ್ಯವೆಂಬುದು ನನ್ನ ನಂಬಿಕೆ. ದಿನಾ ಪಣಂಬೂರಿಗೆ ಕೆಲಸಕ್ಕೆ ಹೋಗಿಬರುವ ನನ್ನ ಗಂಡ, ಸಿಟಿ ಬಸ್ಸು ನಿಲ್ಲುವ ಮೊದಲೇ ಇಳಿಯುವುದನ್ನು ಜಿಮ್ನಾಸ್ಟಿಕ್ಸಿನ ಒಂದು ವಿಭಾಗವಾಗಿ ಸೇರಿಸಬೇಕೆಂದರು. ಅಂಕ ಕೊಡುವ ಕೆಲಸ ಕಂಡಕ್ಟರಿಗೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಕೇಳಿದರು, “ಹಗ್ಗಜಗ್ಗಾಟ ಇಲ್ವಾ ಅದರಲ್ಲಿ?”

ಭಾವ ನಕ್ಕರು. “ಹಗ್ಗ ಎಳೆಯುವುದು ಎಂತ ಆಟ ಮಾರಾಯ್ತಿ? ದಪ್ಪ ಇದ್ದವರು ಗೆಲ್ತಾರೆ, ಅಷ್ಟೆ.”

ನಾನು ಮೊಬೈಲಿನಲ್ಲಿ ಹುಡುಕಿದೆ. ಆಶ್ಚರ್ಯವೆಂದರೆ, ನೂರು ವರ್ಷಗಳ ಹಿಂದೆ ಅದು ಒಲಿಂಪಿಕ್ಸಿನಲ್ಲಿ ಇತ್ತು! ಆಮೇಲೆ ಕೈಬಿಟ್ಟಿದ್ದರು. ಓದಿ ಹೇಳಿದಾಗ ಅಕ್ಕ, “ಇದ್ದದ್ದನ್ನು ಯಾಕೆ ತೆಗೆದದ್ದು?” ಎಂದರು. ಅಕ್ಕ ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಅದೇ ವಾರ ಕಾವೂರಿನ ಹತ್ತಿರದ ಗದ್ದೆಯೊಂದರಲ್ಲಿ ಕೆಸರಾಟ ಏರ್ಪಾಡಾಗಿತ್ತು. ಆಟಿಯಲ್ಲಿ ನಮ್ಮ ಕಡೆ ಇದು ಈಗ ವಾಡಿಕೆ: ಪೇಟೆಯವರೆಲ್ಲ ಒಂದು ದಿನ ಉತ್ತ ಗದ್ದೆಗಿಳಿದು, ಅಜ್ಜಂದಿರು ಹೊಟ್ಟೆಪಾಡಿಗೆ ಮೆತ್ತಿಕೊಂಡ ಕೆಸರನ್ನು ಖುಷಿಗಾಗಿ ಮೆತ್ತಿಕೊಳ್ಳುವುದು. ನಮ್ಮ ರಸ್ತೆಯ ಹೆಂಗಸರು ಹಗ್ಗಜಗ್ಗಾಟಕ್ಕೆ ಹೆಸರು ಕೊಟ್ಟಿದ್ದೆವು. ಆದರೆ ಹಗ್ಗದ ಕೊನೆಯಲ್ಲಿ ಅದನ್ನು ಬೆನ್ನಿಗೆ ಬಳಸಿಕೊಂಡು ನಿಲ್ಲಬೇಕಾದವರಿಗೆ ಹಿಂದಿನ ದಿನವೇ ಜ್ವರ ಬಂತು.

“ನಾನು ನಿಲ್ತೇನೆ” ಎಂದರು ಅಕ್ಕ.

“ಈ ಪ್ರಾಯದಲ್ಲಾ? ಸೊಂಟ ಹಿಡಿದರೆ?” ಭಾವ ಗಾಬರಿಯಾದರು.

“ಹಿಡಿದರೆ ನೀವು ಇದ್ದೀರಲ್ಲ. ಈಗ ಎಲ್ಲ ಕೆಲಸ ನಿಮ್ಮದೇ ಅಲ್ವಾ!”

ಅಕ್ಕ ನಗುತ್ತಲೇ ಹೇಳಿದರು. ಭಾವ ನಗಲಿಲ್ಲ.

ಭಾನುವಾರ ನಮ್ಮೆದುರು ನಿಂತವರು ಕಾಲೇಜಿನ ಹುಡುಗಿಯರು. ಒಂದೇ ಬಣ್ಣದ ಟೀ ಶರ್ಟು, ಒಂದೇ ಉಸಿರಿನ ಕೂಗು. ನಾವೋ ಚೂಡಿದಾರಕ್ಕೆ ಸೊಂಟದಲ್ಲಿ ಶಾಲು ಬಿಗಿದ, ಮೊಣಕಾಲಿನ ಬಗ್ಗೆ ಸದಾ ಚಿಂತೆಯುಳ್ಳ ಗೃಹಸ್ಥೆಯರು. ಮೊದಲ ಸುತ್ತಿನಲ್ಲಿ ಸೀಟಿ ಊದಿದ್ದಷ್ಟೇ ನೆನಪು. ಮರುಕ್ಷಣ ನನ್ನ ಬಾಯಲ್ಲಿ ಕೆಸರಿತ್ತು.

ಎದ್ದು ನಿಂತ ಅಕ್ಕ ನಮ್ಮನ್ನೆಲ್ಲ ಹತ್ತಿರ ಕರೆದರು. “ಯಾರೂ ಎಳೆಯಬೇಡಿ. ಕಾಲು ಊರಿ, ಹಿಂದಕ್ಕೆ ಒರಗಿ, ಸುಮ್ಮನೆ ಹಿಡ್ಕೊಳ್ಳಿ. ಅವರು ಎಳೆದು ಎಳೆದು ಸುಸ್ತಾಗ್ಲಿ. ನಾನು ಹೇಳಿದ ಮೇಲೆ ಒಂದೊಂದೇ ಹೆಜ್ಜೆ.”

ಆ ಉಪಾಯದಿಂದ ಎರಡನೆಯ ಸುತ್ತು ನಮ್ಮದಾಯಿತು. ಮೂರನೆಯದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಹಗ್ಗ ಅತ್ತಲೂ ಸರಿಯದೆ ಇತ್ತಲೂ ಸರಿಯದೆ ವೀಣೆಯ ತಂತಿಯಂತೆ ಬಿಗಿದು ನಿಂತಿತ್ತು. ದೂರದಿಂದ ನೋಡುವವರಿಗೆ ಅಲ್ಲಿ ಏನೂ ನಡೆಯುತ್ತಿಲ್ಲವೆಂದೇ ತೋರುತ್ತದೆ. ಓಟದಲ್ಲಿ ಕಾಲು ಕಾಣುತ್ತದೆ, ಎಸೆತದಲ್ಲಿ ತೋಳು ಕಾಣುತ್ತದೆ. ಇಲ್ಲಿ ಕಾಣುವುದು ಕದಲದ ಹಗ್ಗ ಮಾತ್ರ. ಕದಲದಂತೆ ಇಡುವುದಕ್ಕೆ ಎಷ್ಟು ಬಲ ಬೇಕೆಂಬುದು ಹಿಡಿದವರಿಗಷ್ಟೇ ಗೊತ್ತು. ಅಕ್ಕನ ಮುಂದೆಯೇ ನಿಂತಿದ್ದ ನನಗೆ ಅವರ ಉಸಿರು ಕೇಳುತ್ತಿತ್ತು: ಸಮನಾಗಿ, ಅವಸರವಿಲ್ಲದೆ. ಈ ಹೆಂಗಸು ಇದನ್ನು ಇವತ್ತು ಕಲಿತದ್ದಲ್ಲ ಎಂದು ನನಗೆ ಆಗ ಹೊಳೆಯಿತು.

ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಭಾವ ಇದ್ದಕ್ಕಿದ್ದಂತೆ ಕೊಡೆ ಬಿಸಾಡಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಗದ್ದೆಗೆ ಇಳಿದುಬಿಟ್ಟರು. “ಸುಗಂಧೀ! ಎಡಗಾಲು! ಎಡಗಾಲು ಹಿಂದೆ ಇಡು!”

“ನೀವು ಸ್ವಲ್ಪ ಸುಮ್ಮನಿರಿ!” ಅಕ್ಕನ ಗರ್ಜನೆಗೆ ಇಡೀ ಗದ್ದೆ ನಕ್ಕಿತು. ಎದುರಿನ ಹುಡುಗಿಯರೂ ನಕ್ಕರು. ನಕ್ಕವರ ಹಿಡಿತ ಒಂದಿಷ್ಟು ಸಡಿಲವಾಯಿತು. “ಈಗ!” ಎಂದರು ಅಕ್ಕ. ಒಂದು ಹೆಜ್ಜೆ. ಇನ್ನೊಂದು. ಮತ್ತೊಂದು. ಸೀಟಿ ಊದುವಾಗ ನಾವು ಒಬ್ಬರ ಮೇಲೊಬ್ಬರು ಅಂಗಾತ ಬಿದ್ದು, ಮಳೆಯನ್ನು ಕುಡಿಯುತ್ತಾ ನಗುತ್ತಿದ್ದೆವು. ಭಾವನೂ ಬಿದ್ದಿದ್ದರು, ಅವರನ್ನು ಎಳೆದವರು ಯಾರೂ ಇರಲಿಲ್ಲ.

ಬಹುಮಾನ ಒಂದು ಬಲಿತ ಬಾಳೆಗೊನೆ. ಆಮೇಲೆ ನಲ್ಲಿಯ ಹತ್ತಿರ ಅಕ್ಕ ಕೈ ತೊಳೆಯುವಾಗ ಭಾವ ಚೊಂಬಿನಲ್ಲಿ ನೀರು ಹೊಯ್ದರು. ಕೆಸರು ಹೋದ ಮೇಲೆ ಅಂಗೈ ಕಾಣಿಸಿತು. ಹಗ್ಗ ಉಜ್ಜಿದ ಕೆಂಪು ಗೆರೆ, ಅದರ ಕೆಳಗೆ ಎಷ್ಟೋ ಹಳೆಯ ದಡ್ಡು. ಭಾವ ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದರು, “ಇವಳ ಕೈ ಇಷ್ಟು ಗಟ್ಟಿ ಆದದ್ದು ಯಾವಾಗ?”

“ನೀವು ಮಸ್ಕತ್ತಿನಲ್ಲಿ ಇರುವಾಗ ಭಾವ” ಎಂದೆ. ಅವರು ಆ ಕೈಯನ್ನು ಬಿಡಲಿಲ್ಲ.

ಒಲಿಂಪಿಕ್ಸಿನ ಹಿರಿಯರು ನನ್ನ ಮಾತು ಕೇಳುವುದಾದರೆ ನಾನು ಈಗ ಲಗೋರಿಯನ್ನು ಹಿಂದೆಗೆದುಕೊಳ್ಳಲು ಸಿದ್ಧಳಿದ್ದೇನೆ. ಹಗ್ಗವನ್ನು ಮರಳಿ ತನ್ನಿ ಸ್ವಾಮಿ. ಪದಕವನ್ನು ಮೊದಲು ಕೊನೆಯಲ್ಲಿ ನಿಂತವರ ಕೊರಳಿಗೆ ಹಾಕಿ.

ಮನೆಗೆ ಬಂದ ಮೇಲೆ ಅಕ್ಕ ಅಂಗೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಮುಂದಿನ ಜಗಲಿಯ ಕುರ್ಚಿಯಲ್ಲಿ ಕುಳಿತರು. ಭಾವ ಗೊನೆಯನ್ನು ಎತ್ತಿಕೊಂಡು ಹಿಂದಿನ ಜಗಲಿಗೆ ಹೊರಟರು.

“ಅಲ್ಲಿ ಬಾವಲಿ ಬರ್ತದೆ” ಎಂದರು ಅಕ್ಕ.

ಭಾವ ನಿಂತರು. ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಅವರು ಕೇಳಿದರು, “ಹಾಗಾದ್ರೆ ಎಲ್ಲಿ ಕಟ್ಟುವುದು? ನೀನೇ ಹೇಳು.”

ಅಕ್ಕ ಜಗಲಿಯ ಮಾಡಿನತ್ತ ನೋಡಿದರು. ಹೆಂಚು ಹೊತ್ತ ಮರದ ಪಕಾಸಿಯಿಂದ ಪಕಾಸಿಗೆ ಕಣ್ಣು ಹಾಯಿಸಿದರು. ಭಾವ ಸ್ಟೂಲು ಹತ್ತಿ, ಗೊನೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕಾಯುತ್ತಿದ್ದರು. “ಅಲ್ಲಿ ಬೇಡ. ಸ್ವಲ್ಪ ಈಚೆ. ಅಲ್ಲ, ಅಷ್ಟು ಈಚೆ ಅಲ್ಲ.”

“ಬೇಗ ಹೇಳು ಮಾರಾಯ್ತಿ, ಭಾರ ಉಂಟು!”

“ಗೊತ್ತುಂಟು” ಎಂದರು ಅಕ್ಕ, ಕುರ್ಚಿಗೆ ಇನ್ನಷ್ಟು ಒರಗುತ್ತಾ. “ಸ್ವಲ್ಪ ಹಿಡ್ಕೊಳ್ಳಿ.”