ಗಾಡಿ ನಿಲ್ಲಿಸಿದ ತಪ್ಪು

ಹಾಲಿನ ಟೆಂಪೋದ ಹಾರನ್ನು ಕೇಳಿದರೆ ಗಂಟೆ ಎಷ್ಟಾಯಿತು ಎಂದು ನಮ್ಮ ಕಡೆಯ ಊರುಗಳು ತಿಳಿಯುತ್ತಿದ್ದ ಕಾಲ ಅದು. ಕೈಗೆ ವಾಚು ಕಟ್ಟಿದವರೂ ಆ ಹಾರನ್ನಿಗೇ ಮುಳ್ಳು ಸರಿಮಾಡಿಕೊಳ್ಳುತ್ತಿದ್ದರು. ಆ ಟೆಂಪೋ ಓಡಿಸುತ್ತಿದ್ದವನು ನಮ್ಮಪ್ಪ. ನಾಗಮಂಗಲದ ಕಡೆಯ ಎಂಟು ಊರು ಸುತ್ತಿ, ಡೈರಿಗಳ ಮುಂದೆ ಸಾಲಾಗಿ ನಿಂತ ಕ್ಯಾನುಗಳನ್ನು ಹೇರಿಕೊಂಡು, ಬಿಸಿಲೇರುವ ಮೊದಲು ಪಾಂಡವಪುರದ ದಿಕ್ಕಿನ ಹಾಲು ತಣಿಸುವ ಕೇಂದ್ರಕ್ಕೆ ಮುಟ್ಟಿಸುವುದು ಅವನ ಕೆಲಸ.

ನಾನು ಏಳನೆಯ ಕ್ಲಾಸಿನ ಪರೀಕ್ಷೆ ಬರೆದು ಮುಗಿಸಿದ್ದ ಬೇಸಿಗೆ. ಗೋಲಿ, ಬುಗುರಿ ಎಲ್ಲ ಮಧ್ಯಾಹ್ನಕ್ಕೆ. ಬೆಳಿಗ್ಗೆ ಮಾತ್ರ ನನಗೆ ಟೆಂಪೋನೇ ಆಟ. ಹಿಂದುಗಡೆ ಕ್ಯಾನಿನ ಮುಚ್ಚಳದ ಮೇಲೆ ಕೂತರೆ ತೊಡೆಗೆ ತಣ್ಣಗೆ ಹತ್ತುತ್ತಿತ್ತು. ಹಸಿ ಹಾಲಿನ ವಾಸನೆ, ಡೀಸೆಲ್ ವಾಸನೆ, ದಾರಿಯಲ್ಲಿ ಆಲೆಮನೆ ಸಿಕ್ಕರೆ ಕುದಿಯುವ ಬೆಲ್ಲದ ವಾಸನೆ. ಮೂರೂ ಸೇರಿ ಮೂಗಿನಲ್ಲಿ ಒಂದೇ ಆಗಿಬಿಡುತ್ತಿದ್ದವು. ಯಾರ ಮನೆಯಲ್ಲಾದರೂ ಎಮ್ಮೆ ಈದಿದ್ದರೆ ಬಾಳೆಎಲೆಯಲ್ಲಿ ಒಂದು ತುಂಡು ಗಿಣ್ಣು ಕೈಗೆ ಬರುತ್ತಿತ್ತು. ಅದನ್ನು ಒಂದೇ ಸಲಕ್ಕೆ ತಿನ್ನದೆ ಎರಡು ಊರು ದಾಟುವವರೆಗೆ ಕಚ್ಚಿಕೊಂಡು ಕೂರುತ್ತಿದ್ದೆ.

ಅಪ್ಪ ಒಂದು ವಿಷಯದಲ್ಲಿ ಮಾತ್ರ ರಾಕ್ಷಸ. ಟೈಮು. ಬೇಸಿಗೆಯಲ್ಲಿ ಅರ್ಧ ಗಂಟೆ ತಡವಾದರೂ ಹಾಲಿಗೆ ಹುಳಿ ಹತ್ತುತ್ತದೆ. ಕೇಂದ್ರದಲ್ಲಿ ಮುಚ್ಚಳ ತೆಗೆದು ಮೂಗಿಟ್ಟು ನೋಡುತ್ತಾರೆ. ಅನುಮಾನ ಬಂದರೆ ಚೂರು ಹಾಲು ಕುದಿಸುತ್ತಾರೆ. ಒಡೆಯಿತೋ, ಕ್ಯಾನು ವಾಪಸ್ಸು.

ಆವತ್ತು ಕೊನೆಯ ಊರಿನ ಕ್ಯಾನೂ ಹತ್ತಿಸಿಕೊಂಡು ಹೊರಟಿದ್ದೆವು. ಏರು ಹತ್ತಿ ಹುಣಸೆಮರದ ಹತ್ತಿರ ಬಂದಾಗ ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಅಪ್ಪ ಗಾಡಿ ನಿಧಾನ ಮಾಡಿದ. ಅವಳು ಕೈಯನ್ನು ಅರ್ಧ ಮಾತ್ರ ಎತ್ತಿ ಕೇಳಿದಳು:

"ದೂರಾನಣ್ಣಾ?"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದೆ. ದೂರವಾ ಎಂದಷ್ಟೇ ಕೇಳಬೇಕು. ಕೇಳಿಸಿಕೊಂಡವರು ಇಲ್ಲೇ ಎನ್ನಬೇಕು. ಮದ್ರಾಸಿಗೆ ಹೊರಟಿದ್ದರೂ ಇಲ್ಲೇ.

"ಇಲ್ಲೇ ಕಣವ್ವ," ಅಂದ ಅಪ್ಪ. ಗೇರು ಹಾಕಿ ಹೊರಟೇಬಿಟ್ಟ.

ಹಿಂದೆ ಕೂತಿದ್ದವನು ನಾನು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಗಾಡಿಯ ಹಿಂದೆ ಓಡುತ್ತಿದ್ದಳು, ಕೂಗುತ್ತಲೂ ಇರಲಿಲ್ಲ. ಮರದ ಬುಡದಲ್ಲಿ ಒಬ್ಬ ಗಂಡಸು ಒರಗಿದ್ದ. ಅವನ ಕಾಲಿಗೆ ಸೀರೆಯ ಅಂಚು ಹರಿದು ಸುತ್ತಿತ್ತು. ನಾನು ಕ್ಯಾಬಿನ್ನಿನ ತಗಡನ್ನು ಎರಡೂ ಕೈಯಲ್ಲಿ ಬಡಿದೆ.

"ಏನ್ಲಾ ಅದು, ಕ್ಯಾನ್ ಬಿತ್ತಾ?"

"ಕ್ಯಾನಲ್ಲ ಕಣಪ್ಪ, ಆವಮ್ಮ ಓಡ್ಬತ್ತಾವ್ಳೆ!"

ಅಪ್ಪ ಗಾಡಿ ನಿಲ್ಲಿಸಿ ಇಳಿದ. ಅವಳು ಏದುಸಿರು ಬಿಡುತ್ತಾ ಹೇಳಿದ್ದು ಎರಡೇ ಮಾತು: "ಹುಳ ಮುಟ್ಬುಡ್ತು ಕಣಣ್ಣ."

ಹಾವು ಎಂದು ಬಾಯಲ್ಲಿ ಹೇಳುವ ಹಾಗಿಲ್ಲವಲ್ಲ, ಹುಳ. ಗಂಡನ ಜೀವ ಹೋಗುತ್ತಿರುವಾಗಲೂ ಆ ತಾಯಿ ಯಾವ ಮಾತು ಆಡಬೇಕು, ಯಾವುದು ಆಡಬಾರದು ಎಂದು ನೋಡಿಕೊಂಡೇ ನಿಂತಿದ್ದಳು. ನಮ್ಮಪ್ಪನೂ ಅಷ್ಟೇ ಮರ್ಯಾದೆಯಿಂದ ಅವಳನ್ನು ಬಿಟ್ಟು ಹೊರಟಿದ್ದ. ಅವನ ಮುಖ ಆವತ್ತು ಕೆಟ್ಟಷ್ಟು ಆಮೇಲೆ ಯಾವತ್ತೂ ಕೆಟ್ಟದ್ದನ್ನು ನಾನು ಕಾಣೆ.

ಆಸ್ಪತ್ರೆ ಇದ್ದದ್ದು ಬಂದ ದಾರಿಯಲ್ಲಿ, ಹಿಂದಕ್ಕೆ, ನಾಗಮಂಗಲದಲ್ಲಿ. ಹಾಲು ಹೋಗಬೇಕಾದದ್ದು ಮುಂದಕ್ಕೆ.

"ಅಪ್ಪ, ಹಾಲು?" ಅಂದೆ. ನಿಜ ಹೇಳುತ್ತೇನೆ, ನನಗೆ ಆಗ ಹೊಳೆದದ್ದು ಅದೇ.

"ಎಮ್ಮೆ ಸಂಜ್ಗೆ ಇನ್ನೊಂದ್ಸಲ ಕರೀತದೆ ಕಣ್ಲಾ. ಇವ್ನ್ ಜೀವ ಇನ್ನೊಂದ್ಸಲ ಬತ್ತದಾ? ಕಾಲ್ ಇಡ್ಕೊ, ಎತ್ತು."

ಕ್ಯಾನುಗಳ ಮಧ್ಯೆ ಅವನನ್ನು ಮಲಗಿಸಿದೆವು. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಇಳಿಸಿ, ಸೂಜಿ ಹಾಕುವುದನ್ನು ಕಣ್ಣಾರೆ ಕಂಡ ಮೇಲೇ ಅಪ್ಪ ಹೊರಟಿದ್ದು. ಕೇಂದ್ರ ಮುಟ್ಟಿದಾಗ ಬಿಸಿಲು ನೆತ್ತಿಗೆ ಹತ್ತಿರವಾಗಿತ್ತು. ಮೊದಲನೆಯ ಮುಚ್ಚಳ ತೆಗೆದವನು ಮೂಗನ್ನು ಹತ್ತಿರವೂ ತರಲಿಲ್ಲ. ಎಂಟು ಊರಿನ ಹಾಲೂ ವಾಪಸ್ಸು.

ಬೇರೆ ಯಾರಾದರೂ ಆಗಿದ್ದರೆ ಹಾಲನ್ನು ಹಳ್ಳಕ್ಕೆ ಸುರಿದು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಪ್ಪ ಒಂದೊಂದು ಊರಿಗೂ ಗಾಡಿ ತಿರುಗಿಸಿದ. ಒಂದೊಂದು ಡೈರಿಯ ಜಗಲಿಯ ಮುಂದೂ ನಿಂತು, ಇಂಗಾಯ್ತು ಎಂದು ತಾನೇ ಹೇಳಿದ.

"ಯಾರ್ಲಾ ಅವ್ನು, ನಿನ್ ನೆಂಟನಾ?" ಒಬ್ಬ ಮುದುಕಿ ಸೊಂಟಕ್ಕೆ ಕೈಯಿಟ್ಟುಕೊಂಡು ಕೇಳಿದಳು.

"ಅಲ್ಲ ಕಣಜ್ಜಿ."

"ಯಾವೂರ್ನೋನು?"

"ಕೇಳ್ನಿಲ್ಲ."

"ಊರ್ ಕೇಳ್ದೆ, ಕೇರಿ ಕೇಳ್ದೆ ನಮ್ ಹಾಲ್ನೆಲ್ಲಾ ಮೊಸ್ರು ಮಾಡ್ಕೊಂಡ್ ಬಂದವ್ನೆ ನೋಡ್ರವ್ವಾ ಧರ್ಮರಾಯ!" ಅಂದಳು. ಅಂದವಳೇ ಒಳಗೆ ಹೋಗಿ ಒಂದು ಚೊಂಬು ನೀರು ತಂದು ನನ್ನ ಕೈಗಿಟ್ಟಳು. "ಕುಡಿ ಮಗ, ನಿಮ್ಮಪ್ಪನ್ಗಂತೂ ಬುದ್ದಿಲ್ಲ."

ಟೆಂಪೋ ನಮ್ಮದಲ್ಲ. ಯಜಮಾನರು ಬೋರೇಗೌಡರು. ಕೆಟ್ಟವರೇನಲ್ಲ; ಆದರೆ ಹಾಲು ಸಾಗಿಸುವ ಕಂಟ್ರಾಕ್ಟು ಕೊಟ್ಟ ಮೇಲಿನವರು ಅವರಿಗೂ ಇದ್ದರು. ಆ ಸಂಜೆ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಪ್ಪ ಕಂಬದ ಹತ್ತಿರ ನಿಂತ, ನಾನು ಅವನ ಪಕ್ಕದಲ್ಲಿ.

"ನಿಂಗ, ನಿನ್ ಕೆಲ್ಸ ಹಾಲ್ ಸಾಗ್ಸೋದು. ಜೀವ ಉಳ್ಸಾಕೆ ಬೇರೆಯೋರವ್ರೆ. ತಪ್ಪಾಯ್ತು ಅನ್ನು, ಬೀಗದಕೈ ತಗೊಂಡೋಗು."

"ಹಾಲು ಹುಳಿ ಬಂದಿದ್ಕೆ ತಪ್ಪಾಯ್ತು ಗೌಡ್ರೆ, ಎಂಟೂರ್ಗೂ ಹೇಳ್ ಬಂದಿವ್ನಿ. ಗಾಡಿ ನಿಲ್ಸಿದ್ಕೆ ಅನ್ನಾಕಿಲ್ಲ."

"ಎರಡೂ ಒಂದೇ ಅಲ್ವೇನ್ಲಾ?"

"ಎರಡೂ ಬ್ಯಾರೆ ಬ್ಯಾರೆ."

ಗೌಡರು ನಕ್ಕುಬಿಟ್ಟರು. ಮೂರು ದಿನ ಬಿಟ್ಟು ಬಾ, ತಲೆ ತಣ್ಣಗಾಗಲಿ ಅಂದರು.

ಆ ಮೂರನೆಯ ದಿನವೇ ಸುದ್ದಿ ಬಂತು. ಆ ಮನುಷ್ಯ ಆಸ್ಪತ್ರೆಯಲ್ಲೇ ಹೋಗಿಬಿಟ್ಟಿದ್ದ. ಮತ್ತೆ ಪಡಸಾಲೆಗೆ ಹೋದೆವು. ಈ ಸಲ ಗೌಡರ ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡ್ಲಾ, ಅವ್ನೂ ಉಳೀನಿಲ್ಲ, ಹಾಲೂ ಉಳೀನಿಲ್ಲ. ಈಗ್ಲಾದ್ರೂ ಅಂದ್ಬುಡು. ಇನ್ಮೇಲೆ ನಿಲ್ಸಾಕಿಲ್ಲ ಅನ್ನು, ಸಾಕು."

ಅಪ್ಪ ಅಂದುಬಿಡಲಿ ದೇವರೇ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

"ಸತ್ತ, ನಿಜ ಗೌಡ್ರೆ. ಆದ್ರೆ ರಸ್ತೆ ಬದೀಲಿ ಸಾಯ್ನಿಲ್ಲ. ನಾಳೆನೂ ಯಾರಾರ ಕೈ ಎತ್ತುದ್ರೆ ನಿಲ್ಸ್ತೀನಿ. ಈಗ್ಲೇ ಹೇಳ್ಬುಡ್ತೀನಿ, ಆಮೇಲೆ ಮೋಸ ಆಗ್ಬಾರ್ದು."

ಬೀಗದಕೈ ಗೌಡರ ಹತ್ತಿರವೇ ಉಳಿಯಿತು.

"ಒಂದ್ ಮಾತ್ ಅಂದಿದ್ರೆ ನಾಲ್ಗೆ ಸವ್ದೋಯ್ತಿತ್ತಾ?" ಎಂದು ಅವ್ವ ಒಲೆಯ ಮುಂದೆ ಕೂತು ಕೇಳಿದಳು. ಅಪ್ಪ ಮುದ್ದೆ ಮುರಿಯುತ್ತಾ, "ಊಂ ಕಣಮ್ಮಿ, ಸವ್ದೋಯ್ತಿತ್ತು," ಅಂದ. ಅವ್ವ ಅಷ್ಟು ಸಿಟ್ಟಿನಲ್ಲೂ ಸಾರು ಬಡಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅಪ್ಪ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರಾಕ್ಟರುಗಳಿಗೆ ಕಬ್ಬು ಹೇರುವುದಕ್ಕೆ ಹೋದ. ನಾನು ಎಂಟನೆಯ ಕ್ಲಾಸಿಗೆ ಹೋಗಬೇಕಾದವನು ಆಲೆಮನೆಗೆ ಹೋದೆ, ಕಬ್ಬಿನ ಸಿಪ್ಪೆ ಒಣಹಾಕಲು. ಅಯ್ಯೋ ಎನ್ನಬೇಡಿ. ನಿಮ್ಮಪ್ಪನ ಹಟದಿಂದ ನಿನ್ನ ಓದು ಹೋಯಿತು ಎಂದವರು ಬಹಳ ಜನ. ಅವರಿಗೆಲ್ಲ ನನ್ನದು ಒಂದೇ ಉತ್ತರ: ಆ ಪಡಸಾಲೆಯಲ್ಲಿ ನಿಂತು ನಾನು ಕಲಿತದ್ದನ್ನು ಕಲಿಸುವ ಕ್ಲಾಸು ಯಾವುದಾದರೂ ಇದ್ದರೆ ತೋರಿಸಿ, ಈಗಲೂ ಹೋಗಿ ಕೂರುತ್ತೇನೆ.

ಈಗ ನಾನೂ ಸಾಮಾನು ಮುಟ್ಟಿಸುವವನೇ. ಬೈಕಿನ ಹಿಂದೆ ದೊಡ್ಡ ಚೀಲ, ಒಳಗೆ ಚಪ್ಪಲಿ, ಮಿಕ್ಸಿ, ಸೀರೆ. ಶ್ರೀರಂಗಪಟ್ಟಣ, ಗಂಜಾಂ, ಸುತ್ತಿನ ಊರು. ತಡವಾದರೂ ಇವು ಯಾವುವೂ ಹುಳಿ ಬರುವ ಸಾಮಾನಲ್ಲ. ಆದರೂ ಆಗಿನದಕ್ಕಿಂತ ಅವಸರ ಈಗಲೇ ಹೆಚ್ಚು. ಮೊನ್ನೆ ಕರಿಘಟ್ಟದ ರಸ್ತೆಯಲ್ಲಿ ಒಬ್ಬ ಹೆಂಗಸು ಸ್ಕೂಟರಿನಿಂದ ಬಿದ್ದು ಮೊಣಕಾಲು ಹಿಡಿದುಕೊಂಡು ಕೂತಿದ್ದರು. ನಿಂತೆ. ನೀರು ಕುಡಿಸಿ, ಅವರ ಮನೆಯವರು ಬರುವವರೆಗೆ ಪಕ್ಕದಲ್ಲೇ ಇದ್ದೆ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು.

ತೆಗೆದು ನೋಡಿದರೆ, ಕಂಪನಿಯ ಆ್ಯಪಿನಲ್ಲಿ ತಡವೇಕೆ ಎಂಬ ಪ್ರಶ್ನೆ. ಕೆಳಗೆ ಉತ್ತರಗಳನ್ನೂ ಅದೇ ಬರೆದಿಟ್ಟಿದೆ: ಟ್ರಾಫಿಕ್ಕು, ಗಾಡಿ ಕೆಟ್ಟಿದೆ, ವಿಳಾಸ ಸಿಗಲಿಲ್ಲ, ಮನೆಯಲ್ಲಿ ಯಾರೂ ಇಲ್ಲ. ಒಂದನ್ನು ಒತ್ತಬೇಕು, ಅಷ್ಟೇ.

"ಟ್ರಾಫಿಕ್ ಅಂತ ಒತ್ಬುಡಣ್ಣ, ಎಲ್ರೂ ಅಂಗೇ ಮಾಡೋದು," ಅನ್ನುತ್ತಾರೆ ಜೊತೆಯ ಹುಡುಗರು.

"ಕರಿಘಟ್ಟದ ರಸ್ತೇಲಿ ಎಂತಾ ಟ್ರಾಫಿಕ್ಲಾ, ಕುರಿ ಮಂದೇನಾ?" ಅನ್ನುತ್ತೇನೆ. ನಗುತ್ತಾರೆ.

ನಮ್ಮಪ್ಪನಿಗೆ ಬೈಯಲು ಎದುರಿಗೆ ಒಬ್ಬ ಮನುಷ್ಯ ಇದ್ದ. ಬೈದ, ಕೇಳಿಸಿಕೊಂಡ, ಕೊನೆಗೆ ಕೆಲಸವನ್ನೂ ಕಿತ್ತುಕೊಂಡ. ಆದರೆ ಅಪ್ಪನಿಗೆ ಅವನ ಮುಖ ನೋಡಿ ಇಲ್ಲ ಅನ್ನುವುದಕ್ಕೆ ಆಯಿತು. ಹಾಲು ಕಳೆದುಕೊಂಡ ಮುದುಕಿಗೂ ಬೈದು ನೀರು ಕೊಡುವುದಕ್ಕೆ ಆಯಿತು. ನನಗೆ ಆ ಭಾಗ್ಯವಿಲ್ಲ. ಯಾರ ಎದುರಿಗೆ ನಿಲ್ಲಲಿ? ಯಾವ ಕಂಬದ ಹತ್ತಿರ?

ಹಾಗೆಂದು ಸುಳ್ಳು ಒತ್ತುವವನಲ್ಲ ನಾನು. ಆ ಪಟ್ಟಿಯಲ್ಲಿ ಯಾವುದನ್ನೂ ಮುಟ್ಟುವುದಿಲ್ಲ. ಫೋನು ಜೇಬಿಗೆ ಹಾಕಿ ಗಾಡಿ ಹತ್ತುತ್ತೇನೆ; ಅದು ಕೆಂಪಗೆ ಉರಿಯುತ್ತಾ ಕೇಳುತ್ತಲೇ ಇರುತ್ತದೆ. ಕೇಳಲಿ. ಮನುಷ್ಯರು ಬಿದ್ದಿದ್ದರು ಎಂಬ ಒಂದು ಸಾಲನ್ನು ಕಂಪನಿಯವರು ಆ ಪಟ್ಟಿಗೆ ಸೇರಿಸುವವರೆಗೆ ನನ್ನ ಉತ್ತರದ ಜಾಗ ಖಾಲಿಯೇ.