ಸಾಲಗಾರ ದೇವರು

ನನ್ನ ಎಂ.ಕಾಂ. ಸರ್ಟಿಫಿಕೇಟು ಕಪಾಟಿನಿಂದ ಹೊರಗೆ ಬಂದದ್ದು ಎರಡೇ ಸಲ. ಮೊದಲನೆಯದು, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ತೋರಿಸಲಿಕ್ಕೆ. ಎರಡನೆಯದು, ಇಪ್ಪತ್ತೆರಡು ವರ್ಷದ ನಂತರ, ಸಾಗರದ ಹೊರಗಿರುವ ಒಂದು ಇಂಜಿನಿಯರಿಂಗ್ ಕಾಲೇಜಿನವರಿಗೆ ತೋರಿಸಲಿಕ್ಕೆ. ಎರಡು ಸಲವೂ ಅದನ್ನು ಯಾರೂ ಓದಲಿಲ್ಲ. ಇದೆಯಲ್ಲ, ಸಾಕು ಎಂದರು.

ಕಾಲೇಜಿಗೆ ತಪಾಸಣೆಯ ತಂಡ ಬರುವುದಿತ್ತಂತೆ. ಇಂಜಿನಿಯರಿಂಗ್ ಮಕ್ಕಳಿಗೆ ಹಣಕಾಸಿನ ಲೆಕ್ಕಾಚಾರ ಕಲಿಸುವ ಒಂದು ವಿಷಯವಿದೆ. ಅದನ್ನು ಕಲಿಸುತ್ತಿದ್ದವರು ಸಂಬಳ ಸಾಲದೆಂದು ನಡುವೆಯೇ ಬಿಟ್ಟುಹೋಗಿದ್ದರು. ಅವರಿಗೆ ವಿಷಯ ಚೆನ್ನಾಗಿ ಗೊತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ತಪಾಸಣೆಗೆ ಬಂದವರು ಎಣಿಸುವಾಗ ಒಂದು ತಲೆ ಕಡಿಮೆ ಬೀಳುತ್ತಿತ್ತು. ಆ ತಲೆ ನಾನಾದೆ. ಪ್ರಿನ್ಸಿಪಾಲರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ನಾಳೆಯಿಂದ ಬರ್ತೀರಾ?"

ಹೀಗೆ ನಲವತ್ತೇಳನೇ ವಯಸ್ಸಿಗೆ ಮೇಡಂ ಆದೆ. ಗಂಟೆಯ ಲೆಕ್ಕದಲ್ಲಿ ಸಂಬಳ, ವಾರಕ್ಕೆ ಮೂರು ತರಗತಿ. ನನಗೆ ದೊಡ್ಡ ಆಸೆ ಏನೂ ಇರಲಿಲ್ಲ. ಹಿಡಿದ ಪಾಠವನ್ನು ಸೆಮಿಸ್ಟರಿನ ಕೊನೆಯವರೆಗೆ ಮುಗಿಸಬೇಕು, ಅಷ್ಟೇ. ನನ್ನ ಬದುಕಿನಲ್ಲಿ ಅರ್ಧಕ್ಕೆ ನಿಂತದ್ದೇ ಹೆಚ್ಚು. ಟೈಲರಿಂಗ್ ಕಲಿಯಲು ಹೋಗಿ ರವಿಕೆಯ ತೋಳಿನವರೆಗೆ ಬಂದಿದ್ದೆ, ಮಗಳು ಹುಟ್ಟಿದಳು. ಹಿಂದಿ ಪರೀಕ್ಷೆಗೆ ಫೀಸು ಕಟ್ಟಿದ್ದೆ, ಮಾವನವರು ಹಾಸಿಗೆ ಹಿಡಿದರು. ಸಂಗೀತದಲ್ಲಿ ಜಂಟಿ ವರಸೆಗೆ ಬರುವಷ್ಟರಲ್ಲಿ ಟೀಚರ ಗಂಡನಿಗೆ ವರ್ಗವಾಯಿತು. ಇದೊಂದನ್ನಾದರೂ ಮುಗಿಸುವ ಹಾಗೆ ಮಾಡು ಎಂದು ಬೆಳಿಗ್ಗೆ ದೀಪ ಹಚ್ಚುವಾಗ ಕೇಳಿಕೊಂಡೆ.

ಮೊದಲ ದಿನವೇ ದೇವರು ಮೂರು ಉಪಕಾರ ಮಾಡಿದ. ಬಸ್ಸಿನಲ್ಲಿ ಸೀಟು ಸಿಕ್ಕಿತು. ಇಡೀ ತರಗತಿಗೆ ಸಾಲುವಷ್ಟು ಉದ್ದದ ಚಾಕ್‌ಪೀಸು ಸಿಕ್ಕಿತು. ಅರವತ್ತು ಮಕ್ಕಳಲ್ಲಿ ನಲವತ್ತು ಮಕ್ಕಳು ಬಂದಿರಲಿಲ್ಲ.

ಇಂಜಿನಿಯರಿಂಗ್ ಮಕ್ಕಳು ಒಳ್ಳೆಯವರು. ಸೇತುವೆ ಎಷ್ಟು ಭಾರ ತಡೆಯುತ್ತದೆ ಎಂದು ಹೇಳಬಲ್ಲರು. ಆದರೆ ನೂರು ರೂಪಾಯಿ ಇವತ್ತು ಬೇಕೋ, ಐದು ವರ್ಷ ಬಿಟ್ಟು ಬೇಕೋ ಎಂದು ಕೇಳಿದರೆ, ಇದು ಪರೀಕ್ಷೆಗೆ ಬರುತ್ತದಾ ಎಂದು ತಿರುಗಿ ಕೇಳುತ್ತಾರೆ. ಇವತ್ತಿನ ರೂಪಾಯಿಗೆ ನಾಳೆಯ ರೂಪಾಯಿಗಿಂತ ಬೆಲೆ ಹೆಚ್ಚು, ಹಣ ಒಂದು ಕಡೆ ಸುಮ್ಮನೆ ಕೂತರೆ ಅದರ ಬೆಲೆ ಸವೆಯುತ್ತದೆ, ಅದಕ್ಕೇ ಬಡ್ಡಿ ಹುಟ್ಟಿದ್ದು ಎಂದು ಎರಡು ದಿನ ಹೇಳಿದೆ. ತಲೆಯಾಡಿಸಿದರು. ಅದನ್ನೇ ಬೋರ್ಡಿನ ಮೇಲೆ ಸೂತ್ರವಾಗಿ ಬರೆದೆ. ಓಹೋ ಎಂದು ಬರೆದುಕೊಂಡರು. ಮನುಷ್ಯರ ಮಾತಿನಲ್ಲಿ ಹೇಳಿದ್ದು ಸೂತ್ರವಾದ ಮೇಲೆ ಅವರಿಗೆ ನಿಜವಾಯಿತು, ಆದರೆ ಅರ್ಥವಾಗಲಿಲ್ಲ.

ಆಗ ನನಗೆ ನಮ್ಮನೆ ದೇವರ ಗೂಡಿನ ಮುಡಿಪು ನೆನಪಾಯಿತು.

ನಮ್ಮ ಮಗಳಿಗೆ ಮೂರು ವರ್ಷವಾದರೂ ಮಾತು ಬಂದಿರಲಿಲ್ಲ. ವರದಮೂಲದ ಅಮ್ಮನವರಿಗೆ ಹರಕೆ ಹೇಳಿಕೊಂಡು, ನೂರ ಒಂದು ರೂಪಾಯಿಯನ್ನು ಅರಿಸಿನದ ಬಟ್ಟೆಯಲ್ಲಿ ಗಂಟು ಹಾಕಿ ಇಟ್ಟಿದ್ದೆ. ಎರಡು ತಿಂಗಳಲ್ಲಿ ಮಾತು ಬಂತು. ಆಮೇಲೆ ನಿಂತಿಲ್ಲ. ಈಗ ಪಿಯುಸಿ ಓದುತ್ತಾಳೆ, ಅದರ ನಡುವೆಯೂ ಮಾತಾಡುತ್ತಾಳೆ. ಆದರೆ ಮುಡಿಪು ಮಾತ್ರ ಹದಿನಾಲ್ಕು ವರ್ಷದಿಂದ ಇಟ್ಟಲ್ಲೇ ಇತ್ತು. ಕಾರಣ ಏನೆಂದರೆ, ವರದಮೂಲ ನಮ್ಮೂರಿಗೆ ತೀರಾ ಹತ್ತಿರ. ತಿರುಪತಿಗೆ ಹೇಳಿಕೊಂಡ ಹರಕೆ ವರ್ಷದೊಳಗೆ ತೀರುತ್ತದೆ, ರಿಸರ್ವೇಷನ್ ಮಾಡಿಸಿ ಹೋಗುತ್ತೇವೆ. ಪಕ್ಕದೂರಿನ ಅಮ್ಮನವರಿಗೆ, ಇವತ್ತಲ್ಲದಿದ್ದರೆ ನಾಳೆ ಹೋದರಾಯಿತು ಎನ್ನುತ್ತೇವೆ. ಆ ನಾಳೆಗೆ ಹದಿನಾಲ್ಕು ವರ್ಷ.

ಇದನ್ನೇ ತರಗತಿಯಲ್ಲಿ ಲೆಕ್ಕ ಮಾಡಿ ಕೊಟ್ಟೆ. ನನ್ನದೆಂದು ಹೇಳಲಿಲ್ಲ, ಒಬ್ಬ ಭಕ್ತೆ ಎಂದೆ. ನೂರ ಒಂದು ರೂಪಾಯಿ, ಹದಿನಾಲ್ಕು ವರ್ಷ ತಡ, ಈಗ ದೇವರಿಗೆ ಸಲ್ಲಬೇಕಾದದ್ದು ಎಷ್ಟು? ಅಷ್ಟು ದಿನ ಮಲಗಿದ್ದ ತರಗತಿ ಎದ್ದು ಕೂತಿತು. ಬಡ್ಡಿಯ ದರ ಎಷ್ಟು ಹಿಡಿಯಬೇಕೆಂದು ಜಗಳವೇ ಆಯಿತು. ಒಬ್ಬ ಬ್ಯಾಂಕಿನ ಠೇವಣಿಯ ದರ ಎಂದ. ಇನ್ನೊಬ್ಬ, ಕೈಗಡಕ್ಕೆ ಅವರ ಊರಲ್ಲಿ ತಿಂಗಳಿಗೆ ನೂರಕ್ಕೆ ಮೂರು ಎಂದ. ದೇವರನ್ನು ಅಷ್ಟು ಕೆಳಗೆ ಇಳಿಸಬೇಡ ಎಂದು ಉಳಿದವರು ಅವನನ್ನು ಕೂರಿಸಿದರು. ಹಿಂದಿನ ಬೆಂಚಿನಲ್ಲಿ ಮಂಡಗದ್ದೆ ಕಡೆಯ ಒಂದು ಹುಡುಗಿ, ಯಾವತ್ತೂ ಬಾಯಿ ಬಿಡದವಳು, ಎದ್ದು ನಿಂತಳು.

"ಬಟ್ಟೇಲಿ ಕಟ್ಟಿಟ್ಟ ದುಡ್ಡು ದುಡಿಯಲ್ಲ ಮೇಡಂ. ಬಡ್ಡಿ ಎಲ್ಲಿಂದ ಬರ್ಬೇಕು? ತಡ ಮಾಡಿದ್ದಕ್ಕೆ ಆ ಭಕ್ತೆ ಕೈಯಿಂದ ಹಾಕ್ಬೇಕು."

ಕೊನೆಗೆ ವರ್ಷಕ್ಕೆ ನೂರಕ್ಕೆ ಎಂಟು, ಚಕ್ರಬಡ್ಡಿ ಎಂದು ತೀರ್ಮಾನವಾಯಿತು. ಅಸಲು ಸೇರಿ ಇನ್ನೂರ ತೊಂಬತ್ತಾರು ರೂಪಾಯಿ ಅರವತ್ತಾರು ಪೈಸೆ. ಕೈಯಿಂದ ಹಾಕಬೇಕಾದ ಭಕ್ತೆ ಬೋರ್ಡು ಒರೆಸಿಕೊಂಡು ಮನೆಗೆ ಬಂದಳು. ಅತ್ತೆಯವರಿಗೆ ವಿಷಯ ಹೇಳಿದೆ. ಅವರು ಹೂಬತ್ತಿ ಹೊಸೆಯುತ್ತಿದ್ದರು, ಕತ್ತೆತ್ತದೆ ಹೇಳಿದರು: "ದೇವ್ರು ಬಡ್ಡಿ ಕೇಳ್ತ್ನಿಲ್ಲೆ ಮಾರಾಯ್ತಿ. ಅಸಲು ಎಲ್ಲಿ ಹೇಳಿ ಕೇಳ್ತ." ಅಸಲೇ ಇನ್ನೂ ದೇವರ ಗೂಡಿನಲ್ಲಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇಂಟರ್ನಲ್ ಪರೀಕ್ಷೆಗೂ ಅದೇ ಲೆಕ್ಕ ಕೊಟ್ಟೆ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ. ಅದರಲ್ಲಿ ದೇವರು ಕ್ರೆಡಿಟರ್, ಅಂದರೆ ಕೊಟ್ಟವನು, ಎಂದು ಬರೆದಿದ್ದೆ. ಕ್ರೆಡಿಟರ್ ಯಾರು, ಡೆಟರ್ ಯಾರು ಎನ್ನುವುದು ಮಕ್ಕಳಿಗೆ ಯಾವಾಗಲೂ ಅದಲುಬದಲು. ಪಾಪ, ತಿಳಿಯಲಿ ಎಂದು ಕೆಳಗೆ ಕನ್ನಡದಲ್ಲಿ ಒಂದು ಸಾಲು ಸೇರಿಸಿದೆ: "ಸೂಚನೆ: ಇಲ್ಲಿ ದೇವರೇ ಸಾಲಗಾರ."

ಉತ್ತರಪತ್ರಿಕೆ ತಿದ್ದುವಾಗ ಗೊತ್ತಾಯಿತು. ಅರ್ಧ ತರಗತಿ, ಭಕ್ತೆ ದೇವರಿಗೆ ಕೊಡಬೇಕು ಎಂದು ಬರೆದಿತ್ತು. ಇನ್ನರ್ಧ, ದೇವರು ಭಕ್ತೆಗೆ ಕೊಡಬೇಕು ಎಂದು ಬರೆದಿತ್ತು. ಮೊತ್ತ ಮಾತ್ರ ಇಬ್ಬರದೂ ಒಂದೇ, ಪೈಸೆಯೂ ವ್ಯತ್ಯಾಸವಿಲ್ಲ. ಸೂತ್ರಕ್ಕೆ ಯಾರು ಯಾರಿಗೆ ಕೊಡಬೇಕು ಎನ್ನುವುದು ಬೇಕಾಗಿಲ್ಲ. ಇಬ್ಬರಿಗೂ ಪೂರ್ತಿ ಅಂಕ ಕೊಟ್ಟೆ.

ಅಷ್ಟರಲ್ಲಿ ಯಾವುದೋ ವಿದ್ಯಾರ್ಥಿಯ ತಂದೆ ಆ ಸೂಚನೆಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದ್ದರು. ದೇವರನ್ನು ಸಾಲ ಮಾಡಿದವನೆಂದು ಕಾಲೇಜಿನಲ್ಲಿ ಕಲಿಸುತ್ತಿದ್ದಾರೆ ಎಂಬ ಸುದ್ದಿ ಸಾಗರದಿಂದ ಹೊಸನಗರಕ್ಕೆ ಹೋಗಿ, ಅಲ್ಲಿಂದ ತೀರ್ಥಹಳ್ಳಿಗೆ ಇಳಿಯಿತು. ಬಸ್ಸಿಗೆ ಅರ್ಧ ದಿನ ಬೇಕಾಗುವ ದಾರಿ. ನಾನು ದಿನಾ ಎರಡು ಹೊತ್ತು ದೇವರ ಮುಂದೆ ಕೂರುವವಳು, ಏಕಾದಶಿ ತಪ್ಪಿಸದವಳು. ನನ್ನ ಮೇಲೆ ದೇವರನ್ನು ಹಂಗಿಸಿದ ಆರೋಪ ಬಂತು.

ಪ್ರಿನ್ಸಿಪಾಲರು ಕರೆಸಿದರು. ಆಡಳಿತ ಮಂಡಳಿಯ ಒಬ್ಬ ಹಿರಿಯರು ಬಂದು ಕೂತಿದ್ದರು. ತೀರ್ಥಹಳ್ಳಿ ಕಡೆಯವರು, ಅಲ್ಲಿನ ಒಂದು ಸಹಕಾರಿ ಸೊಸೈಟಿಯ ನಿರ್ದೇಶಕರೂ ಹೌದು. ಮೇಜಿನ ಮೇಲೆ ಒಂದು ಟೈಪು ಮಾಡಿದ ಪತ್ರವಿತ್ತು. ನನ್ನ ಕಡೆಯಿಂದ ಅದು ತಲೆಕೆಳಗು, ಆದರೂ "ನಾಳೆಯಿಂದ" ಎನ್ನುವ ಪದ ಓದಲು ಬಂತು. ಸಹಿ ಒಂದು ಬಾಕಿ. ನನಗೆ ರವಿಕೆಯ ತೋಳು, ಹಿಂದಿ ಪರೀಕ್ಷೆ, ಜಂಟಿ ವರಸೆ ಎಲ್ಲ ಒಟ್ಟಿಗೆ ನೆನಪಾದವು. ಇನ್ನು ಎರಡು ಅಧ್ಯಾಯ ಉಳಿದಿತ್ತು.

"ಏನ್ ತಾಯಿ, ದೇವ್ರು ಯಾರ ಹತ್ರ ಸಾಲ ಮಾಡಿದಾನೆ?" ಎಂದರು ನಿರ್ದೇಶಕರು.

"ಮಾಡಿಲ್ಲ, ಕೊಟ್ಟಿದಾನೆ. ಅದಕ್ಕೇ ಸಾಲಗಾರ ಅಂದೆ."

"ತಗೊಂಡವನು ಸಾಲಗಾರ. ನಮ್ಮ ಸೊಸೈಟಿ ನೋಟಿಸಲ್ಲಿ ಮೊದಲಿಂದ್ಲೂ ಹಾಗೇ ಅಚ್ಚಾಗ್ತಿದೆ. ಸಾಲಗಾರರು, ಜಾಮೀನುದಾರರು."

"ನಮ್ಮ ಅಪ್ಪನ ಮನೆ ನಿಟ್ಟೂರ ಕಡೆ. ಸಾಲಗಾರ್ರು ಬಂದ್ರು ಅಂದ್ರೆ ಅಪ್ಪ ಹಿತ್ಲ ಬಾಗ್ಲಿಂದ ಹೋಗ್ಬಿಡ್ತಿದ್ರು. ತಗೊಂಡವನು ಬಂದ್ರೆ ಯಾರಾದ್ರೂ ಓಡ್ತಾರಾ?"

ನಿರ್ದೇಶಕರು ಪ್ರಿನ್ಸಿಪಾಲರ ಕಡೆ ತಿರುಗಿದರು. ಅವರ ಮನೆಯಲ್ಲೂ ಒಂದು ಹಿತ್ತಲ ಬಾಗಿಲು ಇದ್ದಿರಬೇಕು. ಪ್ರಿನ್ಸಿಪಾಲರು ಲೈಬ್ರರಿಯಿಂದ ನಿಘಂಟು ತರಿಸಿದರು. ಅದರಲ್ಲಿ ಎರಡು ಅರ್ಥವೂ ಇತ್ತು, ಸಾಲ ಕೊಟ್ಟವನು, ಸಾಲ ತೆಗೆದುಕೊಂಡವನು. ಅವರಿಗೆ ಬಹಳ ಬೇಸರವಾಯಿತು. ಅವರು ಯಂತ್ರಶಾಸ್ತ್ರದವರು, ಒಂದೇ ಚಕ್ರ ಎರಡೂ ಕಡೆ ತಿರುಗಿದರೆ ಅವರಿಗೆ ಸರಿಹೋಗುವುದಿಲ್ಲ. ಏನು ಮಾಡುವುದೆಂದು ಯೋಚಿಸುತ್ತಿದ್ದರು. ಅಷ್ಟರಲ್ಲಿ ಫೋನು ಬಂದು ಮಾತಾಡಲು ವರಾಂಡಕ್ಕೆ ಹೋದರು.

ನಿರ್ದೇಶಕರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಈ ಕಾಲೇಜಿಗೆ ಅನುಮತಿ ಸಿಗಬೇಕಾದಾಗ ಅವರು ಮನೆದೇವರಿಗೆ ಸಾವಿರದ ಒಂದು ರೂಪಾಯಿ ಮುಡಿಪು ಕಟ್ಟಿದ್ದರಂತೆ. ಇಪ್ಪತ್ತು ವರ್ಷವಾಯಿತು, ಇನ್ನೂ ಬೀರುವಿನಲ್ಲೇ ಇದೆ. ನಿಮ್ಮ ಈ ಲೆಕ್ಕದ ಪ್ರಕಾರ ಅದು ಎಷ್ಟಾಗುತ್ತದೆ ಎಂದು ಕೇಳಿದರು.

ಪ್ರಿನ್ಸಿಪಾಲರ ಕ್ಯಾಲ್ಕುಲೇಟರನ್ನೇ ತೆಗೆದುಕೊಂಡು ಗುಣಿಸಿದೆ. ನಾಲ್ಕು ಸಾವಿರದ ಆರುನೂರ ಅರವತ್ತೈದು ರೂಪಾಯಿ, ಚಿಲ್ಲರೆ ಬೇರೆ.

"ಎಂಟು ಜಾಸ್ತಿಯಾಯ್ತು," ಎಂದರು. "ಎಸ್‌ಬಿ ಖಾತೆ ರೇಟು ಹಾಕಿ ನೋಡಿ."

ನಾಲ್ಕು ಹಾಕಿದೆ. ಎರಡು ಸಾವಿರದ ನೂರ ತೊಂಬತ್ತಮೂರು. ಅವರ ಮುಖದಲ್ಲಿ ಭಕ್ತಿ ಮೂಡಿತು. ಇಷ್ಟಾದರೆ ಕೊಡಬಹುದು, ದೇವರೂ ಒಪ್ಪುತ್ತಾನೆ ಎಂದರು. ಹೊತ್ತಿಗೆ ಸರಿಯಾಗಿ ಕಟ್ಟದವರಿಗೆ ನಿಮ್ಮ ಸೊಸೈಟಿಯಲ್ಲಿ ಯಾವ ದರ ಹಾಕುತ್ತೀರಿ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಟೈಪು ಮಾಡಿದ ಪತ್ರ ಇನ್ನೂ ಮೇಜಿನ ಮೇಲೇ ಇತ್ತು. ಎಂದೂ ಸುಮ್ಮನಿರದ ನನಗೆ ಆ ಹೊತ್ತು ದೇವರು ಸುಮ್ಮನಿರುವ ಬುದ್ಧಿ ಕೊಟ್ಟದ್ದು, ಆ ದಿನದ ದೊಡ್ಡ ಉಪಕಾರ.

ಪ್ರಿನ್ಸಿಪಾಲರು ಒಳಗೆ ಬಂದಾಗ ಪತ್ರ ಡ್ರಾವರಿನೊಳಗೆ ಹೋಗಿತ್ತು. "ಅಮ್ಮ ಪಾಠ ಮುಗಿಸ್ಲಿ," ಎಂದರು ನಿರ್ದೇಶಕರು. "ಲೆಕ್ಕ ಗಟ್ಟಿ ಇದೆ."

ಆದರೂ ಕಾಲೇಜಿನ ಮರ್ಯಾದೆಗೆಂದು ಒಂದು ಸುತ್ತೋಲೆ ಹೊರಟಿತು. ಪ್ರಶ್ನೆಯಲ್ಲಿ ದೇವರು ಎಂದಿರುವಲ್ಲಿ ಪಾರ್ಟಿ ಎ ಎಂದೂ, ಭಕ್ತೆ ಎಂದಿರುವಲ್ಲಿ ಪಾರ್ಟಿ ಬಿ ಎಂದೂ ಓದಿಕೊಂಡು ಮರುಪರೀಕ್ಷೆ ಬರೆಯತಕ್ಕದ್ದು. ಬರೆದರು. ದೇವರಿದ್ದಾಗ ಉತ್ತರ ತಂದಿದ್ದ ಮಕ್ಕಳಲ್ಲಿ ಬಹಳ ಜನ ಪಾರ್ಟಿ ಎ ಬಂದ ಮೇಲೆ ಫೇಲಾದರು. ಮಂಡಗದ್ದೆಯ ಹುಡುಗಿ ಮಾತ್ರ, ಪಾರ್ಟಿ ಬಿ ಆದಷ್ಟು ಬೇಗ ಬಸ್ಸು ಹತ್ತಬೇಕು ಎಂದು ಕೊನೆಗೆ ಒಂದು ಸಾಲು ಬರೆದಿದ್ದಳು. ಅವಳಿಗೆ ಭಕ್ತೆ ಯಾರೆಂದು ಗೊತ್ತಾಗಿತ್ತು.

ಉಳಿದ ಎರಡು ಅಧ್ಯಾಯ ಮುಗಿಸಿದೆ. ಕೊನೆಯ ದಿನ ಬೋರ್ಡಿನ ಮೇಲೆ ಕೊನೆಯ ಲೆಕ್ಕದ ಕೆಳಗೆ ಎರಡು ಗೆರೆ ಎಳೆದೆ. ತರಗತಿಯಲ್ಲಿ ಹದಿನೇಳು ಮಕ್ಕಳಿದ್ದರು. ನನ್ನ ಪಾಲಿಗೆ ಅದು ತುಂಬಿದ ಸಭೆ. ತಪಾಸಣೆಯವರೂ ಬಂದು, ತಲೆ ಎಣಿಸಿ, ಊಟ ಮಾಡಿ ಹೋಗಿದ್ದರು. ಮುಂದಿನ ಸೆಮಿಸ್ಟರಿಗೆ ನಾನು ಬೇಕೋ ಬೇಡವೋ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಶುಕ್ರವಾರ ಮಗಳನ್ನು ಕರೆದುಕೊಂಡು ವರದಮೂಲಕ್ಕೆ ಹೋದೆ. ಬಸ್ಸು ಹತ್ತಿ, ಅವಳು ಒಂದು ಕತೆ ಹೇಳಿ ಮುಗಿಸುವ ಮೊದಲೇ ಊರು ಬಂತು. ಇಷ್ಟು ದೂರಕ್ಕೆ ಹದಿನಾಲ್ಕು ವರ್ಷ ಎಂದು ನಾಚಿಕೆಯಾಯಿತು. ಮುಡಿಪಿನ ಗಂಟನ್ನು ಬಿಚ್ಚುವ ಹಾಗಿಲ್ಲ, ಕಟ್ಟಿದ ಹಾಗೇ ಒಪ್ಪಿಸಬೇಕು. ಹಾಗಾಗಿ ಬಡ್ಡಿಯನ್ನು ಬೇರೆಯಾಗಿ ತಂದಿದ್ದೆ. ನೂರ ತೊಂಬತ್ತೈದು ರೂಪಾಯಿ ಅರವತ್ತಾರು ಪೈಸೆ ಆಗಬೇಕು. ಅಷ್ಟು ಚಿಲ್ಲರೆ ಎಲ್ಲಿಂದ ತರುವುದು? ಗಂಟನ್ನು ಒಪ್ಪಿಸಿ, ನನ್ನ ಸಂಬಳದ ದುಡ್ಡಿನಿಂದ ಇನ್ನೂರು ರೂಪಾಯಿ ಹುಂಡಿಗೆ ಹಾಕಿ ಕೈ ಮುಗಿದೆ.

ಮಗಳು ಮೊಬೈಲಿನಲ್ಲಿ ಕಳೆಯುವ ಲೆಕ್ಕ ಮಾಡಿದಳು. "ಅಮ್ಮಾ, ನಾಲ್ಕು ರೂಪಾಯಿ ಮೂವತ್ನಾಲ್ಕು ಪೈಸೆ ಜಾಸ್ತಿ ಹಾಕಿದ್ದೆ ನೀನು. ಈಗ ದೇವ್ರು ನಿಂಗೆ ಕೊಡದು ಇದ್ದು."

ನಿರ್ದೇಶಕರು ಹೇಳಿದ ಅರ್ಥದಲ್ಲೂ ದೇವರು ಸಾಲಗಾರನಾದನಲ್ಲ ಎಂದು ಕೆನ್ನೆ ಬಡಿದುಕೊಂಡೆ. ಇದನ್ನು ಎಲ್ಲೂ ಬರೆಯಬೇಡ, ಸ್ಟೇಟಸ್ಸಿಗೂ ಹಾಕಬೇಡ ಎಂದು ಅವಳಿಗೆ ಆಣೆ ಹಾಕಿಸಿದೆ. ದೇವರ ಹತ್ತಿರ ಬಾಕಿ ಕೇಳುವ ಜಾತಿಯವಳಲ್ಲ ನಾನು. ಇರಲಿ, ಯಾವಾಗಲಾದರೂ ಕೊಡಲಿ.

ಎರಡು ತಿಂಗಳ ಮೇಲೆ ದೋಸೆಗೆ ಅಕ್ಕಿ ತೊಳೆಯುತ್ತಿದ್ದಾಗ ಕಾಲೇಜಿನ ಆಫೀಸಿನಿಂದ ಫೋನು ಬಂತು. ಮತ್ತೊಂದು ತಪಾಸಣೆ ಇದೆಯಂತೆ. ಮೇಡಂ, ನಾಳೆಯಿಂದ ಬರ್ತೀರಾ ಎಂದು ಕೇಳಿದರು. ಬರುತ್ತೇನೆ ಎಂದೆ. ನಾಲ್ಕು ರೂಪಾಯಿಗೆ ಎರಡು ತಿಂಗಳಲ್ಲಿ ಇಷ್ಟು ಬಡ್ಡಿ ಯಾವ ಸೂತ್ರಕ್ಕೂ ಸಿಗುವುದಿಲ್ಲ. ಅಕ್ಕಿಯ ಪಾತ್ರೆ ಬದಿಗಿಟ್ಟು, ಒಂದು ದೀಪ ಹಚ್ಚಿ ಬಂದೆ.