ಗಡಿಪಾರು ಮಾಡೋದು ಹೇಗೆ ಅಂತ ಬರೆದ ನೀಲಗಂಗಮ್ಮ

ನೀಲಗಂಗಮ್ಮ ಒಳ್ಳೇ ಹೆಂಗಸು ಅಂತ ನಿಮಗೆ ಯಾರಾದ್ರೂ ಹೇಳಿದ್ರೆ, ಅವರು ಆಕೆ ಎದುರು ಐದು ನಿಮಿಷ ಕೂತಿಲ್ಲ ಅಂತ ತಿಳ್ಕೊಳಿ. ನಾನು ಕೂತಿದೀನಿ. ಒಂದೂವರೆ ವರ್ಷ, ದಿನಾ ಬೆಳಗ್ಗೆ ಆರರಿಂದ ಏಳು. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಕೆಲಸ ಮಾಡಿದೋನು ನಾನು, ಬೈಗುಳಕ್ಕೆ ಹೆದರೋ ಚರ್ಮ ಅಲ್ಲ. ಆದ್ರೂ ಅರವತ್ತಾರನೇ ವಯಸ್ಸಲ್ಲಿ ಆ ಮೇಡಂ ಹತ್ರ ಬೈಸ್ಕೊಂಡು, ಮೆಟ್ಟಿಲು ಇಳೀವಾಗ ಮೂಗು ಒರೆಸ್ಕೊಂಡಿದೀನಿ. ನೆಗಡಿ ಅಂತ ಹೆಂಡ್ತಿಗೆ ಸುಳ್ಳು ಹೇಳ್ದೆ.

ರಾಜಾಜಿನಗರದಲ್ಲಿ, ನವರಂಗ್ ಕಡೆ ಹೋಗೋ ರಸ್ತೇಲಿ, ಒಂದು ಬೇಕರಿ ಮೇಲಿನ ಮಹಡೀಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹದಿನಾಲ್ಕು ಮಿಷನ್ನು, ಆಮೇಲಾಮೇಲೆ ನಾಲ್ಕು ಕಂಪ್ಯೂಟರ್ರು, ಒಂದು ಅಡಿಕೋಲು. ಆ ಅಡಿಕೋಲು ಮೇಜಿಗೆ ಬಡಿದ್ರೆ ಸರ್ಕಲ್‌ನಲ್ಲಿ ಬಸ್ಸು ಕೆಂಪು ದೀಪ ಇಲ್ದೇ ನಿಂತುಬಿಡೋದು. ಸುಳ್ಳಲ್ಲ, ಡ್ರೈವರೇ ನನಗೆ ಹೇಳಿದ್ದು. ಕಿಟಕಿ ಮೇಲೆ ಕೂರ್ತಿದ್ದ ಪಾರಿವಾಳಗಳು ಕೇಳೀ ಕೇಳೀ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ವು. ಸೀನಿಯರ್‌ಗೆ ಕಟ್ಟೋಕೆ ಆಧಾರ್ ಕಾರ್ಡ್ ಇರಲಿಲ್ಲ, ಅದಕ್ಕೆ ಬಿಟ್ವು.

ಬೆಳಗ್ಗೆ ಆರರ ಬ್ಯಾಚು ಕಣ್ಣು ಕಾಣದೋರದು. ನನಗೆ ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದುಹಾಕಿತ್ತು. ಬಸವೇಶ್ವರನಗರದ ಮನೆಯಿಂದ ಮೊಮ್ಮಗಳು ಕೈ ಹಿಡ್ಕೊಂಡು ಬಂದು ಬಿಟ್ಟು ಹೋಗೋಳು. ಬೇರೆ ಇನ್‌ಸ್ಟಿಟ್ಯೂಟ್‌ನೋರು ಅಯ್ಯೋ ಪಾಪ ಅಂತ ಕಾಫಿ ಕೊಟ್ಟು ಕಳಿಸಿದ್ರು. ಮೇಡಂ ಪಾಪಾನೂ ಅನ್ಲಿಲ್ಲ, ಕಾಫೀನೂ ಕೊಡ್ಲಿಲ್ಲ.

"ಕೀ ನೋಡ್ದೆ ಹೊಡಿಯೋದಕ್ಕೇ ಕಣ್ರೀ ಟೈಪಿಂಗ್ ಅನ್ನೋದು. ಕಣ್ಣಿರೋರಿಗೆ ಆ ಚಟ ಬಿಡಿಸೋಕೆ ನನಗೆ ಆರು ತಿಂಗಳು ಬೇಕು. ನೀವು ಬಿಟ್ಟೇ ಬಂದಿದೀರಿ. ಕೂತ್ಕೊಳಿ."

ಅವರದ್ದು ಒಂದೇ ಕಾನೂನು: ಹೇಳಿದ್ದು ಹೇಳಿದ ಹಾಗೆ. ಅವರು ಕಾಗದ ಓದೋರು, ನಾವು ಹೊಡಿಯೋದು. ಒಂದ್ಸಲ ರಾಗಿಣಿ ಅಂತ ಒಂದು ಹುಡುಗಿ, ಮೇಡಂ ಓದಿದ ಕಾಗದದಲ್ಲಿ ಯಾರದೋ ಹೆಸರು ತೆಗೆದು ತನ್ನ ಹೆಸರು ಹಾಕಿದ್ಲು. ಏಳು ಸಲ ಅದೇ ಪುಟ ಹೊಡಿಸಿದ್ರು. "ತಲೆ ಮನೇಲಿಟ್ಟು ಬನ್ನಿ, ಇಲ್ಲಿಗೆ ಬೆರಳು ಮಾತ್ರ ತನ್ನಿ" ಅನ್ನೋರು. ನಮ್ಮ ಬೆರಳಿಗೆ ಅದು ಹಾಗೇ ಮೆತ್ಕೊಂಡುಬಿಡ್ತು.

ಲಾಕ್‌ಡೌನ್ ಬಂದಾಗ ಹಾಕಿದ ಬಾಗಿಲು ಆ ಇನ್‌ಸ್ಟಿಟ್ಯೂಟ್ ಮತ್ತೆ ತೆಗೀಲಿಲ್ಲ. ಮೇಡಂ ಮೂಡಲಪಾಳ್ಯದಲ್ಲಿ ತಂಗಿ ಮನೆ ಸೇರಿದ್ರು. ಬೈಯೋಕೆ ಜನ ಇಲ್ಲದೆ ಆರು ಕೆಜಿ ಇಳಿದ್ರಂತೆ. ಅವರನ್ನ ಎಬ್ಬಿಸಿದೋನು ರುದ್ರೇಶ. ಮುಧೋಳದ ಕಡೆಯೋನು, ನಾಗರಬಾವೀಲಿ ರೂಮು, ಯಾವುದೋ ಸಾಫ್ಟ್‌ವೇರ್ ಕಂಪನೀಲಿ ಕೆಲಸ. ಅವನಿಗೂ ಕಣ್ಣು ಕಾಣಲ್ಲ, ಅವನೂ ಆರರ ಬ್ಯಾಚು. ಅವನು ಕಣ್ಣು ಕಾಣದೋರದೇ ಆದ ನಮ್ಮ ಸಂಘದೋರಿಗೆ ಅಂತಲೇ ಒಂದು ಹರಟೆ ಪ್ರೋಗ್ರಾಂ ಮಾಡಿದ, 'ಮಾತುಕಟ್ಟೆ' ಅಂತ. ಅದರಲ್ಲಿ ಚಿತ್ರ ಇಲ್ಲ, ಬಟನ್ ಇಲ್ಲ, ಗೊಂಬೆ ಇಲ್ಲ. ಬರೀ ಅಕ್ಷರ. ಒಬ್ಬರು ಟೈಪ್ ಮಾಡಿದ್ದನ್ನ ಉಳಿದೋರ ಕಂಪ್ಯೂಟರ್ರು ಗಟ್ಟಿಯಾಗಿ ಓದಿ ಹೇಳುತ್ತೆ. ಬೇರೆ ಆ್ಯಪ್‌ಗಳಲ್ಲಿ ಗುಡ್ ಮಾರ್ನಿಂಗ್ ಹೂವು ಬಂದಾಗೆಲ್ಲ ನನ್ನ ಕಂಪ್ಯೂಟರ್ರು "ಚಿತ್ರ, ಚಿತ್ರ, ಚಿತ್ರ" ಅಂತ ಹುಚ್ಚು ಹಿಡಿದ ಹಾಗೆ ಕೂಗ್ತಿತ್ತು. ಮಾತುಕಟ್ಟೇಲಿ ಆ ಕಾಟ ಇಲ್ಲ.

ಅಲ್ಲಿ ಏನು ಕೆಲಸ ಆಗಬೇಕಾದ್ರೂ ಮೊದಲು ಸ್ಲ್ಯಾಶ್ ಗೆರೆ ಹೊಡೆದು ಆಮೇಲೆ ಕಮಾಂಡ್ ಬರೀಬೇಕು. ಸ್ಲ್ಯಾಶ್ ಪಿಸು ಅಂದ್ರೆ ಒಬ್ಬರಿಗೆ ಮಾತ್ರ ಗುಟ್ಟು. ಸ್ಲ್ಯಾಶ್ ಹೊರಗೆ ಅಂತ ಹೊಡೆದು ಒಬ್ಬರ ಹೆಸರು ಬರೆದ್ರೆ ಅವರು ಎರಡು ನಿಮಿಷ ಕಟ್ಟೆಯಿಂದಾಚೆ. ಅದನ್ನ ಯಾರು ಬೇಕಾದ್ರೂ ಯಾರಿಗೆ ಬೇಕಾದ್ರೂ ಮಾಡಬಹುದು. ಸ್ಲ್ಯಾಶ್ ಗಡಿಪಾರು ಅಂದ್ರೆ ಶಾಶ್ವತ. ಅದು ಅಧ್ಯಕ್ಷರ ಕೈಲಿ ಮಾತ್ರ. ಸ್ಲ್ಯಾಶ್ ಮರೆತ್ರೋ, ನೀವು ಬರೆದದ್ದು ಮಾತಾಗಿ ಊರಿಗೆಲ್ಲ ಕೇಳುತ್ತೆ.

ಇಂಥವು ಅರವತ್ತು ಕಮಾಂಡು. ಯಾರಿಗೆ ನೆನಪಿರುತ್ತೆ? ಸ್ಲ್ಯಾಶ್ ಸಹಾಯ ಅಂತ ಹೊಡೆದು ಕಮಾಂಡಿನ ಹೆಸರು ಬರೆದ್ರೆ ವಿವರಣೆ ಕೇಳಬೇಕು. ಅದನ್ನ ಬರೆಯೋರು ಬೇಕಿತ್ತು. ರುದ್ರೇಶ ಮೂಡಲಪಾಳ್ಯಕ್ಕೆ ಹೋಗಿ, "ಮೇಡಮ್ಮಾರ, ನಾ ಬರದ್ರ ನನಗ ಒಬ್ಬಾಂವಗ ತಿಳೀತೈತ್ರಿ. ನೀವ ಬರೀರಿ" ಅಂತ ಕಾಲಿಗೆ ಬಿದ್ದ.

ಎಂಟು ತಿಂಗಳು ಬರೆದ್ರು. ಸ್ಕ್ರೀನ್ ಮೇಲೆ ಟವಲ್ ಹೊದಿಸ್ಕೊಂಡು ಕೂರೋರು. ಬರೆದ ಸಾಲನ್ನ ಕಂಪ್ಯೂಟರ್ ಕೈಲೇ ಓದಿಸೋರು. ಒಂದೇ ಸಲಕ್ಕೆ ಕಿವಿಗೆ ಹಿಡೀದೇ ಹೋದ್ರೆ ಸಾಲು ಕತ್ತರಿಸೋರು, ಮತ್ತೆ ಓದಿಸೋರು. ಹಾಗೆ ಕತ್ತರಿಸಿ ಉಳಿದದ್ದು ಏನಪ್ಪಾ ಅಂದ್ರೆ, ಅವರ ಬಾಯಿ. ಕೇಳಿ:

"ಪಿಸು. ಒಬ್ಬರಿಗೆ ಮಾತ್ರ ಹೇಳೋಕೆ. ಸ್ಲ್ಯಾಶ್ ಪಿಸು, ಹೆಸರು, ಮಾತು. ಸ್ಲ್ಯಾಶ್ ಬಿಟ್ಟರೆ ಎಲ್ಲರಿಗೂ ಕೇಳುತ್ತೆ. ಆಮೇಲೆ ಅಳಬೇಡಿ."

ನಮಗೆಲ್ಲ ಹಬ್ಬ. ಬೈಸ್ಕೊಂಡು ಕಲಿತೋರು ನಾವು, ಬೈದ್ರೇನೇ ತಲೆಗೆ ಹೋಗೋದು. ಆದ್ರೆ ಸಂಘದ ಅಧ್ಯಕ್ಷರು ಆರರ ಬ್ಯಾಚಿನೋರಲ್ಲ. ವೆಂಕಟಗಿರಿ ಅಂತ, ಮಹಾಲಕ್ಷ್ಮಿ ಲೇಔಟ್ ಮನುಷ್ಯ, ದೊಡ್ಡ ಆಫೀಸರ್ ಆಗಿ ರಿಟೈರ್ ಆದೋರು. ಅವರು ಜೀವಮಾನದಲ್ಲಿ ಒಂದು ಕಮಾಂಡೂ ಸ್ವತಃ ಹೊಡೆದೋರಲ್ಲ. ಎಲ್ಲಾ ರುದ್ರೇಶನ ಕೈಲಿ ಮಾಡಿಸೋರು. ಒಂದು ದಿನ ಬೇಜಾರಿಗೆ ಮೊಮ್ಮಗನ ಕೈಲಿ ಪಿಸು ಸಹಾಯ ಹೊಡಿಸಿ ಕೇಳಿದ್ರು. ಕಂಪ್ಯೂಟರ್ರು "ಆಮೇಲೆ ಅಳಬೇಡಿ" ಅಂತು. ಅಧ್ಯಕ್ಷರಿಗೆ!

ಕಟ್ಟೇಲಿ ಶುರುವಾಯ್ತು ನೋಡಿ.

"ಇದು ಸಹಾಯವೋ ಬೈಗುಳದ ಪುಸ್ತಕವೋ?" ಅಂದ್ರು ವೆಂಕಟಗಿರಿ. "ಸಭ್ಯತೆ ಅನ್ನೋದೊಂದು ಇರುತ್ತೆ, ನೀಲಗಂಗಮ್ಮನೋರೇ."

"ಸಭ್ಯತೆ ಕೇಳಿದ್ರೆ ಕಮಾಂಡ್ ಬರುತ್ತಾ?" ಅಂದ್ರು ಮೇಡಂ.

"ಒಂದು ಉದಾಹರಣೆ ಕೂಡ ಇಲ್ಲ ಇದರಲ್ಲಿ. ಉದಾಹರಣೆ ಕೊಡದೆ ಪಾಠ ಹೇಳೋರು ನೀವೊಬ್ಬರೇ."

"ಉದಾಹರಣೆ ಬೇಕಾ? ಹಾಕ್ತೀನಿ."

"ಈ ಭಾನುವಾರ ನಾಲ್ಕು ಗಂಟೆಗೆ ಮೀಟಿಂಗು. ನಿಮ್ಮ ಸಹಾಯ ಇರಬೇಕೋ ಬೇಡ್ವೋ ಸದಸ್ಯರು ಹೇಳಲಿ. ಬೇಡ ಅಂದ್ರೆ ಅಷ್ಟೂ ಅಳಿಸಿ ಹಾಕಿಸ್ತೀನಿ. ಆಮೇಲೆ ನಿಮ್ಮಿಂದ ಒಂದು ಸಾಲೂ ಬರೆಸಲ್ಲ."

ಬೆದರಿಕೆ ಅಂದ್ರೆ ಬರೀ ಬೆದರಿಕೆ ಅಲ್ಲ ಅದು. ಅವರು ಆಗಲೇ ಮೊಮ್ಮಗನ ಕೈಲಿ ಆ ಎಐ ಮಿಷನ್ನಿಂದ ಬೇರೆ ಸಹಾಯ ಬರೆಸಿದ್ರು, 'ನೆರವು' ಅಂತ ಹೆಸರಿಟ್ಟು. ರುದ್ರೇಶ ಎರಡನ್ನೂ ಹಾಕಿದ, ಜನ ಹೋಲಿಸಿ ನೋಡಲಿ ಅಂತ. ಅದರ ದನಿ ಹೀಗಿತ್ತು: "ಮಾನ್ಯ ಬಳಕೆದಾರರೇ, ಪಿಸು ಎಂಬ ಆದೇಶವು ಪಿಸು ಎಂಬ ಕಾರ್ಯವನ್ನು ನಿರ್ವಹಿಸಲು ತಮಗೆ ಅನುವು ಮಾಡಿಕೊಡುತ್ತದೆ." ಮದುವೆ ಮನೇಲಿ ಬಾಗಿಲಲ್ಲೇ ಪನ್ನೀರು ಚಿಮುಕಿಸಿ, ಊಟದ ಮನೆ ಎಲ್ಲಿದೆ ಅಂತ ಹೇಳದೇ ಕಳಿಸಿದ ಹಾಗೆ.

ನಾನು ಮೇಡಂಗೆ ಫೋನ್ ಮಾಡಿ, "ಸ್ವಲ್ಪ ಮೆತ್ತಗೆ ಬರೆದುಬಿಡಿ ಮೇಡಂ, ಏನಂತೆ?" ಅಂದೆ.

"ವಿಶ್ವಾರಾಧ್ಯರೇ, ಬೆಳಗ್ಗೆ ಎದ್ದು ನನಗೆ ಮಾಡೋಕೆ ಅಂತ ಇರೋದು ಇದೊಂದು ಕೆಲಸ. ಅದನ್ನೂ ಕೆಟ್ಟದಾಗಿ ಮಾಡು ಅಂತೀರಾ?" ಅಂತ ಅಂದು ಫೋನ್ ಇಟ್ರು.

ಸೋಮವಾರ ಅರವತ್ತು ಕಮಾಂಡಿಗೂ ಉದಾಹರಣೆ ಬಂತು. 'ಹೊರಗೆ' ಅನ್ನೋದಕ್ಕೆ ಬರೆದಿದ್ರು: "ಉದಾಹರಣೆ. ಸ್ಲ್ಯಾಶ್ ಹೊರಗೆ ವೆಂಕಟಗಿರಿ."

ಹಾಕಿದ್ದು ಸೇಡಿಗೇ, ಮೇಡಂ ಅದನ್ನ ಮುಚ್ಚಿಡಲ್ಲ. ಆದ್ರೆ ಮುಂದೆ ಆದದ್ದು ಅವರಿಗೂ ಹೊಳೆದಿರಲಿಲ್ಲ. ಬೇರೆ ಬೇರೆ ವರ್ಷದ ಆರರ ಬ್ಯಾಚಿನ ಮೂವತ್ತು ಚಿಲ್ಲರೆ ಜನಾನೂ ಹೊಸ ಪಾಠ ಬಂತು ಅಂತ ಅಭ್ಯಾಸಕ್ಕೆ ಕೂತ್ವಿ. ಬೇರೆಯೋರಾಗಿದ್ರೆ ಆ ಹೆಸರಿನ ಜಾಗದಲ್ಲಿ ಬೇರೆ ಹೆಸರು ಹಾಕೋದು ಅಂತ ಅರ್ಥ ಮಾಡ್ಕೊಳ್ಳೋರು. ನಮ್ಮ ಬೆರಳಿಗೆ ಆ ವಿದ್ಯೆ ಹೇಳ್ಕೊಟ್ಟಿಲ್ಲವಲ್ಲ. ಹೇಳಿದ್ದು ಹೇಳಿದ ಹಾಗೆ ಹೊಡೆದ್ವಿ.

ವೆಂಕಟಗಿರಿ "ನಮಸ್ಕಾರ ಸದಸ್ಯರೇ" ಅನ್ನೋದು, ಆಚೆ ಹೋಗೋದು. ಎರಡು ನಿಮಿಷಕ್ಕೆ ಬಂದು "ಯಾರ್ರೀ ಅದು" ಅನ್ನೋದು, ಆಚೆ ಹೋಗೋದು. ಮಂಗಳವಾರ ಮಧ್ಯಾಹ್ನದ ತನಕ ಅವರಿಗೆ ಒಂದು ವಾಕ್ಯ ಪೂರ್ತಿ ಮಾಡೋಕೆ ಆಗ್ಲಿಲ್ಲ. ಆಗುಂಬೆಗೆ ಸೂರ್ಯಾಸ್ತ ನೋಡೋಕೂ ಜನ ಅಷ್ಟು ಸಲ ಬಂದು ಹೋಗಿರಲ್ಲ. ನಾನು ಎರಡು ಸಲ ಹೊಡೆದೆ: ಒಂದು ಅಭ್ಯಾಸಕ್ಕೆ, ಒಂದು ರುಚಿಗೆ.

ಅಧ್ಯಕ್ಷರು ರಾಗಿಣೀನ ಹಿಡಿದು ಕೇಳಿದ್ರಂತೆ. "ನಾವೇನ್ ಮಾಡಣ ಸಾರ್, ಪಾಠದಲ್ಲಿ ಹಾಗೇ ಇತ್ತು" ಅಂದ್ಲು.

ಮೇಡಂ ಬುಧವಾರ ಆ ಹೆಸರು ತೆಗೆದ್ರು. ತಪ್ಪಾಯ್ತು ಅಂತ ಮಾತ್ರ ಅನ್ಲಿಲ್ಲ.

ಭಾನುವಾರ ನಾಲ್ಕಕ್ಕೆ ಎಲ್ಲರೂ ಕಟ್ಟೇಲಿ. ಅಧ್ಯಕ್ಷರು ಮೊದಲೇ ಶುರು ಮಾಡಿದ್ರು.

"ವೋಟಿಗೆ ಮುಂಚೆ ಒಂದು ಕೆಲಸ ಇದೆ. ಈ ಹೆಂಗಸನ್ನ ನಾನು ಗಡಿಪಾರು ಮಾಡ್ತಾ ಇದೀನಿ. ರುದ್ರೇಶ, ಮಾಡು."

"ಅದು ನನ್ನ ಕೈಲಿ ಇಲ್ರಿ ಸಾಹೇಬ್ರ," ಅಂದ ರುದ್ರೇಶ. "ಅಧ್ಯಕ್ಷರ ಬೆರಳಿಂದನ ಹೊಡೀಬೇಕು. ನಿಯಮ ಹಾಕಿದಾವ್ರು ನೀವ."

"ಹೊಡೀರಿ," ಅಂದ್ರು ಮೇಡಂ. "ಬರುತ್ತಾ?"

ಆಮೇಲೆ ನಮ್ಮ ಅಷ್ಟೂ ಮನೆ ಕಂಪ್ಯೂಟರ್ರು ಒಟ್ಟಿಗೆ ಓದಿದ್ವು: "ವೆಂಕಟಗಿರಿ: ನೆರವು ಗಡಿಪಾರು."

"ಸ್ಲ್ಯಾಶ್ ಬಿಟ್ಟಿದೀರಿ," ಅಂದ್ರು ಮೇಡಂ.

ಅಧ್ಯಕ್ಷರು ಸ್ಲ್ಯಾಶ್ ಹಾಕಿ ಸರಿಯಾಗಿ ಹೊಡ್ಕೊಂಡು ಆ "ಮಾನ್ಯ ಬಳಕೆದಾರರೇ" ಪಾಠ ಕೇಳ್ತಾ ಕೂತಿದಾರೆ ಅಂತ ಎಲ್ಲರಿಗೂ ಗೊತ್ತು. ಅಷ್ಟರಲ್ಲಿ ಕಂಪ್ಯೂಟರ್ರು ಇನ್ನೊಂದು ಸಲ ಬಾಯಿ ಬಿಡ್ತು. ಸಿಟ್ಟಲ್ಲಿ ಈ ಸಲಾನೂ ಸ್ಲ್ಯಾಶ್ ಬಿಟ್ಟಿದ್ರು ಮನುಷ್ಯ.

"ವೆಂಕಟಗಿರಿ: ಸಹಾಯ ಗಡಿಪಾರು."

ಈ ಸಲ ಮೇಡಂ ತಿದ್ದೋಕೆ ಹೋಗ್ಲಿಲ್ಲ.

ಮತ್ತೆ ಸ್ಲ್ಯಾಶ್ ಹಾಕಿ ಹೊಡೆದಿರಬೇಕು. ಆಮೇಲೆ ಅವರ ಮನೇಲಿ ಅವರೊಬ್ಬರಿಗೇ ಕೇಳಿರೋದು ಏನು ಅಂತ ನಮಗೆಲ್ಲ ಬಾಯಿಪಾಠ: "ಗಡಿಪಾರು. ಒಬ್ಬರನ್ನ ಶಾಶ್ವತವಾಗಿ ಕಳಿಸೋಕೆ. ಸ್ಲ್ಯಾಶ್ ಗಡಿಪಾರು, ಹೆಸರು, ಕಾರಣ. ಕಾರಣ ಬರೀದಿದ್ದರೆ ಆಗಲ್ಲ. ಕಾರಣ ಎಲ್ಲರಿಗೂ ಕೇಳುತ್ತೆ. ಒಂದು ಸಾಲಲ್ಲಿ ಹೇಳೋಕೆ ಬರದಿದ್ದರೆ ನಿಮ್ಮ ಹತ್ತಿರ ಇರೋದು ಕಾರಣ ಅಲ್ಲ, ಸಿಟ್ಟು."

ಅರ್ಧ ನಿಮಿಷ ಆಗಿರಬೇಕು, ಎಲ್ಲರ ಕಂಪ್ಯೂಟರ್ರೂ ಓದಿದ್ವು:

"ನೀಲಗಂಗಮ್ಮ ಗಡಿಪಾರು. ಕಾರಣ: ನಾಲಿಗೆ ಸರಿಯಿಲ್ಲ."

ಹೊರಟೋದ್ರು ಮೇಡಂ. ಅಧ್ಯಕ್ಷರು ಒಂದು ತಪ್ಪಿಲ್ಲದೆ ಹೊಡೆದಿದ್ರು.

ರುದ್ರೇಶ ಕೇಳ್ದ, "ಈಗ ವೋಟಿಂಗ್ ಐತ್ರಿ. ಯಾವ್ದು ಇಡೂಣು, ಯಾವ್ದು ಅಳಿಸೂಣು?"

ರಾಗಿಣಿ ಬರೆದ್ಲು, "ಅಧ್ಯಕ್ಷರು ಯಾವುದನ್ನ ಕೇಳಿ ಹೊಡೆದ್ರೋ ಅದು ಇರಲಿ." ಆಮೇಲೆ ಹೂಂ, ಹೂಂ, ಹೂಂ ಅಂತ ಕಂಪ್ಯೂಟರ್ರು ಓದ್ತಾನೇ ಇತ್ತು, ಹೆಸರುಬೇಳೆ ಚೀಲ ಬಿಚ್ಕೊಂಡ ಹಾಗೆ. ಬೇಡ ಅಂದೋರು ಒಬ್ಬರೇ. ಅಧ್ಯಕ್ಷರು ಗಡಿಪಾರು ವಾಪಸ್ ತಗೊಳ್ಳಲ್ಲ ಅಂತ ಹೇಳಿ ಕಟ್ಟೆ ಬಿಟ್ಟು ಎದ್ದುಹೋದ್ರು. ಇವತ್ತಿಗೂ ತಗೊಂಡಿಲ್ಲ.

ಐದು ಗಂಟೆಗೆ ಮೇಡಂ ಫೋನು.

"ಮೊದಲನೇ ಸಲಕ್ಕೇ ಆಯ್ತಾ ಅವರಿಗೆ?"

"ಆಯ್ತು ಮೇಡಂ. ನಿಮ್ಮ ಸಹಾಯಾನೂ ಉಳೀತು. ಬರೆಯೋದು ನೀವೇ."

"ಕಾರಣ ಬರೆದ್ರಾ?"

"ನಾಲಿಗೆ ಸರಿಯಿಲ್ಲ ಅಂತ."

"ಪರವಾಗಿಲ್ಲ, ಚಿಕ್ಕದಾಗಿದೆ." ಆ ಕಡೆ ಅವರ ತಂಗಿ ಮನೆ ಕುಕ್ಕರ್ ಕೂಗ್ತು. "ವಿಶ್ವಾರಾಧ್ಯರೇ, ಆ ಗಡಿಪಾರು ಸಹಾಯದಲ್ಲಿ ಒಂದು ತಪ್ಪಿದೆ. ಕಳಿಸೋರಿಗೆ ಎಲ್ಲಾ ಬರೆದಿದೀನಿ. ಹೋಗೋರಿಗೆ ಏನಾಗುತ್ತೆ ಅಂತ ಬರೆದಿಲ್ಲ."

"ಏನಾಗುತ್ತೆ ಮೇಡಂ?"

"ಏನೂ ಆಗಲ್ಲ. ಒಂದು ಮಾತು ಬರಲ್ಲ. ನಾನು ಕೆಟ್ಟೋಯ್ತು ಅಂತ ಎರಡು ಸಲ ಆಫ್ ಮಾಡಿ ಆನ್ ಮಾಡಿದೆ, ದಡ್ಡಿ ಹಾಗೆ. ನನ್ನ ಹಾಗೆ ಇನ್ನೊಬ್ಬರು ಮಾಡಬಾರದು. ಮುಂಚೇನೇ ತಿಳ್ಕೊಂಡಿರಲಿ. ಬರ್ಕೊಂಡು ರುದ್ರೇಶಂಗೆ ಕಳಿಸಿ: ಗಡಿಪಾರಾದವರಿಗೆ ಏನೂ ಕೇಳಲ್ಲ. ಕಂಪ್ಯೂಟರ್ ಕೆಟ್ಟಿಲ್ಲ. ನಿಮ್ಮನ್ನ ಹೊರಗೆ ಹಾಕಿದಾರೆ."

ನಾನು ಹೊಡೆದುಕೊಂಡೆ. "ಮೇಡಂ, ಕೊನೇಲಿ ದಯವಿಟ್ಟು ಬೇಜಾರಾಗಬೇಡಿ ಅಂತ ಒಂದು ಸೇರಿಸ್ಲಾ?" ಅಂದೆ.

"ಯಾಕೆ?" ಅಂದ್ರು. ಫೋನ್ ಇಟ್ಟುಬಿಟ್ರು.